ಕಿಕ್ಕರ್ ಎಲ್ಲಿ ಹೋಯಿತು?

ಪ್ರಶ್ನೆ: ಅಜ್ಜನ ಯೆಜ್ಡಿ 250 ಬೈಕ್ ನನ್ನ ಪಾಲಿಗೆ ಬಂದಿದೆ. ಗೇರ್ ಲಿವರ್ ಇದೆ, ಕಿಕ್ಕರ್ ಕಾಣುತ್ತಿಲ್ಲ. ಕಳೆದುಹೋಗಿದೆಯೇ ಸರ್?
– ಓದುಗ, ಹಾಸನ

ಉತ್ತರ: ಕಳೆದಿಲ್ಲ, ಅಲ್ಲೇ ಇದೆ! ಆ ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆತ್ತಿ. ಅದೇ ಕಿಕ್ಕರ್. ಸ್ಟಾರ್ಟ್ ಆದಮೇಲೆ ಮತ್ತೆ ಮುಂದಕ್ಕೆ ತಂದರೆ ಗೇರ್. ಒಂದೇ ಪಿಸ್ಟನ್ನಿಗೆ ಎರಡು ಸೈಲೆನ್ಸರ್ ಇರುವುದನ್ನೂ ನೋಡಿರುತ್ತೀರಿ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. ನಮ್ಮಪ್ಪನ ಯೆಜ್ಡಿಯ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಆ ಸದ್ದಿಗೆ ನಾನು ಇವತ್ತಿಗೂ ತಿರುಗಿ ನೋಡುತ್ತೇನೆ. ದಯವಿಟ್ಟು ಗುಜರಿಗೆ ಹಾಕಬೇಡಿ. ಟೂ ಸ್ಟ್ರೋಕ್ ಇಂಜಿನ್ ಅದು. ಪೆಟ್ರೋಲಿಗೆ ಟೂಟಿ (2T, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಬೆರೆಸಿಯೇ ಹಾಕಿ, ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.