ಕಾಲ್ಪನಿಕ ನಗರದ ದೇವರಂಥ ಅರಸರು ಕೆಡುವುದನ್ನು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹೊಸ ಪ್ರಸಂಗದಲ್ಲಿ (ಆಡುವ ಕಥೆಯಲ್ಲಿ) ತೋರಿಸುವುದು ಹೇಗೆ?

ಮೊದಲು ವರದ ಷರತ್ತು ಬರೆದುಕೊಳ್ಳಿ. ಹಿರಣ್ಯಕಶಿಪುವಿಗೆ ಸಾವು ಹಗಲೂ ಅಲ್ಲ ಇರುಳೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ. ಉಳಿದದ್ದು ಮುಸ್ಸಂಜೆ, ಹೊಸ್ತಿಲು. ನಿಮ್ಮ ಅರಸರಿಗೂ ಅಂಥದೊಂದು ಸಂದು ಬೇಕು, ಇಲ್ಲದಿದ್ದರೆ ಕೊನೆ ಸಪ್ಪೆ. ಎಲ್ಲರೂ ಒಟ್ಟಿಗೆ ಕೆಡುವುದು ಬೇಡ. ಒಬ್ಬ ಕೆಡಲಿ, ಉಳಿದವರು ಸುಮ್ಮನಿರಲಿ.

ಕಾಸರಗೋಡಿನ ಕಡೆಯ ಮೇಳಕ್ಕೆ ಬರೆಯುವುದಾದರೆ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಲೆಕ್ಕವೂ ಗೊತ್ತಿರಲಿ. ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ, ಅಂದರೆ ಮುಳ್ಳಿನಂಥ ಉಬ್ಬು ಚುಕ್ಕೆ, ಇಡುತ್ತಾರೆ. ಒಂದು ಸುತ್ತು ಒಣಗದೆ ಅದರ ಮೇಲೆ ಇನ್ನೊಂದು ನಿಲ್ಲದು, ಗಂಟೆಗಟ್ಟಲೆ ಬೇಕು. ಹಾಗಾಗಿ ಕಿರೀಟವೇಷದ ಅರಸ ಆಟದ ನಡುವೆ ಬಣ್ಣದ ವೇಷಕ್ಕೆ ತಿರುಗುವಂತೆ ಬರೆಯಬೇಡಿ. ಕೆಡುಕನ್ನು ಅರ್ಥದಲ್ಲೇ (ಪಾತ್ರಧಾರಿಯ ಮಾತಿನಲ್ಲೇ) ತನ್ನಿ: ಒಡ್ಡೋಲಗದಲ್ಲಿ, ಅಂದರೆ ರಂಗಕ್ಕೆ ಬರುವ ಮೊದಲ ಸಭೆಯಲ್ಲಿ, ‘ಊರಿನ ಕೆರೆ’ ಅಂದವ ಮುಂದಿನ ಸಭೆಯಲ್ಲಿ ‘ನನ್ನ ಕೆರೆ’ ಅನ್ನಲಿ.