ರಾಗಿ ರೊಟ್ಟಿ ಕೇಳಿದರೆ ರಾಗಿ ಮಾಲ್ಟ್ ಯಾಕೆ ಮೇಲೆ ಬರುತ್ತೆ?

ಪ್ರಶ್ನೆ: ನಮ್ಮ ಅಡುಗೆ ಸೈಟಿನಲ್ಲಿ 1000 ರೆಸಿಪಿಗಳಿವೆ. ಹುಡುಕಾಟಕ್ಕೆ ಎಲಾಸ್ಟಿಕ್‌ಸರ್ಚ್ ಹಾಕಿದ್ದೇವೆ. 'ರಾಗಿ ರೊಟ್ಟಿ' ಅಂತ ಹುಡುಕಿದರೆ 'ರಾಗಿ ಮಾಲ್ಟ್' ಮೊದಲು ಬರುತ್ತೆ. 'ಮಕ್ಕಳ ಶಾಲೆ ಡಬ್ಬಿಗೆ ಮೆತ್ತಗಿನ ರಾಗಿ ರೊಟ್ಟಿ ಮಾಡುವ ವಿಧಾನ' ಅದರ ಕೆಳಗೆ. ಯಾವ ರೆಸಿಪಿಗೆ ಯಾಕೆ ಎಷ್ಟು ಅಂಕ ಸಿಕ್ಕಿತು ಅಂತ ತೋರಿಸುವ 'ಎಕ್ಸ್‌ಪ್ಲೇನ್' ಆನ್ ಮಾಡಿದರೆ ಪುಟಗಟ್ಟಲೆ ಜೇಸನ್ (ಒಂದರೊಳಗೊಂದು ಸೇರಿದ ಲೆಕ್ಕದ ಸಾಲುಗಳು) ಬರುತ್ತೆ. ಅದನ್ನು ಎಲ್ಲರಿಗೂ ಅರ್ಥವಾಗುವ ಚಿತ್ರ ಮಾಡೋದು ಹೇಗೆ?

ಉತ್ತರ: ಇಡೀ ಜೇಸನ್ ಅನ್ನು ಮರದಂತೆ ಬಿಡಿಸಲು ಹೋಗಬೇಡಿ. ಅದು ಚಿತ್ರವಾದರೂ ಗೋಜಲೇ. ಅಂಕ ಜಾಸ್ತಿ ಇದ್ದದ್ದು ಮೇಲೆ ಬರುತ್ತೆ, ಹಾಗಾಗಿ ಆ ಅಂಕಕ್ಕೆ ಕೂಡುವ ಅಂಕಿಗಳನ್ನು ಮಾತ್ರ ಅಡ್ಡ ಪಟ್ಟಿಯಾಗಿ (ಬಾರ್) ಎಳೆಯಿರಿ. ಒಂದೊಂದು ಪದದ ಅಂಕ ಹೇಳುವ, 'ವೆಯ್ಟ್' ಎಂದು ಶುರುವಾಗುವ ಸಾಲಿಗೆ ನಿಲ್ಲಿಸಿ. ಅದರ ಕೆಳಗಿನ ಐಡಿಎಫ್ (ಪದ ಎಷ್ಟು ಅಪರೂಪ), ಟಿಎಫ್ (ಆ ಶೀರ್ಷಿಕೆಯಲ್ಲಿ ಪದದ ತೂಕ) ಒಂದಕ್ಕೊಂದು ಗುಣಿಸುವಂಥವು. ಗುಣಾಕಾರವನ್ನು ಪಟ್ಟಿಯ ತುಂಡಾಗಿ ಜೋಡಿಸಿದರೆ ಚಿತ್ರ ಸುಳ್ಳು ಹೇಳುತ್ತೆ. ಮೌಸ್ ಇಟ್ಟಾಗ ಮಾತ್ರ ಅವು ಕಾಣಲಿ.

ನಿಮ್ಮಲ್ಲಿ 'ರಾಗಿ' 40 ಶೀರ್ಷಿಕೆಗಳಲ್ಲಿ, 'ರೊಟ್ಟಿ' 100ರಲ್ಲಿ ಇದೆ, ಶೀರ್ಷಿಕೆ ಸರಾಸರಿ 4 ಪದ ಅಂತಿಟ್ಟುಕೊಳ್ಳೋಣ. ಪ್ರತಿ ರೆಸಿಪಿಗೆ ಒಂದು ಅಡ್ಡ ಪಟ್ಟಿ, ಪ್ರತಿ ಪದಕ್ಕೆ ಒಂದು ಬಣ್ಣ. ಮಾಲ್ಟ್‌ನ ಪಟ್ಟಿಯಲ್ಲಿ ಒಂದೇ ತುಂಡು: ರಾಗಿ 4.03. ರೊಟ್ಟಿಯ ಪಟ್ಟಿಯಲ್ಲಿ ಎರಡು: ರಾಗಿ 2.28, ರೊಟ್ಟಿ 1.63. ಒಟ್ಟು 3.91. ಅದೇ 'ರಾಗಿ' ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ! ಅಲ್ಲೇ ಕಣ್ಣು ನಿಲ್ಲುತ್ತೆ ಅಲ್ವಾ?

ಕಾರಣ ಶೀರ್ಷಿಕೆಯ ಉದ್ದ. ಎಲಾಸ್ಟಿಕ್‌ಸರ್ಚ್ ಅಂಕ ಹಾಕುವ ಬಿಎಂ25 ಸೂತ್ರ ಚಿಕ್ಕ ಬರಹದಲ್ಲಿ ಸಿಕ್ಕ ಪದಕ್ಕೆ ಜಾಸ್ತಿ ಬೆಲೆ ಕೊಡುತ್ತೆ. ಮಾಲ್ಟ್‌ಗೆ 2 ಪದ, ರೊಟ್ಟಿಗೆ 8. ಈ ಒಲವು ಎಷ್ಟಿರಬೇಕು ಅನ್ನೋದು ಸೂತ್ರದ 'ಬಿ' ಅನ್ನೋ ಸೆಟ್ಟಿಂಗ್ ಕೈಯಲ್ಲಿದೆ. ಸುಮ್ನೆ ಬಿಟ್ಟರೆ ಅದು 0.75.

ಇನ್ನೊಂದು ಮಾತು. ಎಕ್ಸ್‌ಪ್ಲೇನ್‌ನಲ್ಲಿ 'ಬೂಸ್ಟ್ 2.2' ಅನ್ನೋ ಗುಣಕ ಕಂಡು ಯಾರು ಹಾಕಿದ್ದು ಅಂತ ಹುಡುಕಬೇಡಿ. ಅದು ಸೂತ್ರದ ಇನ್ನೊಂದು ಸೆಟ್ಟಿಂಗ್ ಆದ ಕೆ1 (1.2) ಜೊತೆ 1 ಕೂಡಿ ಬಂದದ್ದು. ಚಿತ್ರದಲ್ಲಿ ಅದನ್ನು ಮುಚ್ಚಿಡಿ, ಇಲ್ಲದಿದ್ದರೆ ತಂಡದವರೆಲ್ಲ ಅದನ್ನೇ ಕೇಳುತ್ತಾರೆ.

'ಮ್ಯಾಕ್ಸ್ ಆಫ್' ಅಂದರೆ ಹಲವು ಅಂಕಗಳಲ್ಲಿ ದೊಡ್ಡದೊಂದನ್ನೇ ಲೆಕ್ಕಕ್ಕೆ ತಗೊಳ್ಳೋದು. ಅದು ಬಂದ ಕಡೆ ಗೆದ್ದ ತುಂಡಿಗೆ ಗಾಢ ಬಣ್ಣ ಕೊಡಿ. ಸೋತದ್ದನ್ನು ಮಸುಕಾಗಿ ಪಕ್ಕಕ್ಕೆ ಇಡಿ, ಒಟ್ಟಿಗೆ ಸೇರಿಸಬೇಡಿ.

ಈಗ ಶೀರ್ಷಿಕೆಗೆ 'ಬಿ' 0.3 ಮಾಡಿ ಪಟ್ಟಿಗಳನ್ನು ಮತ್ತೆ ಎಳೆಯಿರಿ. ಮಾಲ್ಟ್ 3.49ಕ್ಕೆ ಇಳಿಯುತ್ತೆ, ರೊಟ್ಟಿ 4.73ಕ್ಕೆ ಏರುತ್ತೆ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ತಂಡಕ್ಕೆ ತೋರಿಸಿ.