ಎರಡನೆಯ ಮೇಜರ್ ಇರಲಿ, ಮೊದಲು ಆ ಚೀಟಿ ತೆಗೆಯಿರಿ

ಈ ಅಂಕಣಕ್ಕೆ ಸಲಹೆ ಕೇಳಿ ಬಂದ ಪತ್ರ ಆರು ಪುಟದ್ದು. ಬರೆದವರಿಗೆ ಇಪ್ಪತ್ತು ವರ್ಷ. ಸಂಗೀತ ಕಾಲೇಜಿನಲ್ಲಿ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದನವನ್ನು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆಗಿ ಓದುತ್ತಿದ್ದಾರೆ, ಈಗ ನಾಲ್ಕನೆಯ ಸೆಮಿಸ್ಟರ್. ಅದರ ಜೊತೆಗೆ ಚಲನಚಿತ್ರ ಸಂಗೀತ ಸಂಯೋಜನೆಯನ್ನು ಎರಡನೆಯ ಮೇಜರ್ ಆಗಿ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಪ್ರಶ್ನೆ. ತೆಗೆದುಕೊಂಡರೆ ನಾಲ್ಕು ವರ್ಷದ ಓದು ಐದಾಗುತ್ತದೆ. ಅರ್ಜಿ ಸಲ್ಲಿಸಲು ಇನ್ನು ಮೂರು ವಾರ ಉಳಿದಿದೆ. ಅಣ್ಣ, 'ತೆಗೆದುಕೋ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ' ಎನ್ನುತ್ತಾರೆ. ಅಮ್ಮ, 'ಹಿಡಿದದ್ದನ್ನು ನೆಟ್ಟಗೆ ಮುಗಿಸು' ಎನ್ನುತ್ತಾರೆ. ಕಾಲೇಜಿನ ಶೈಕ್ಷಣಿಕ ಸಲಹೆಗಾರರು ಅರ್ಧ ಗಂಟೆಯಲ್ಲಿ ಒಂದು ಕೋಷ್ಟಕ ಹಾಕಿಕೊಟ್ಟು, 'ಹೊಂದಿಕೊಳ್ಳುತ್ತದೆ' ಎಂದು ಕಳಿಸಿದ್ದಾರೆ.

ಇಷ್ಟೇ ಆಗಿದ್ದರೆ ಚಿಕ್ಕದೊಂದು ಉತ್ತರ ಬರೆದು ಮುಗಿಸುತ್ತಿದ್ದೆ. ಆದರೆ ಐದನೆಯ ಪುಟದಲ್ಲಿ, ಆವರಣದೊಳಗೆ, ಅಕ್ಷರವನ್ನೂ ಸ್ವಲ್ಪ ಸಣ್ಣದು ಮಾಡಿ ನೀವು ಬರೆದಿರುವ ಸಾಲುಗಳು ನನ್ನನ್ನು ಬಿಡುತ್ತಿಲ್ಲ: 'ಕಳೆದ ಸೆಮಿಸ್ಟರಿನ ವಾದನ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕರು, ಸ್ವರಗಳೆಲ್ಲ ಸರಿಯಾಗಿವೆ, ಯಾರಿಗಾಗಿ ನುಡಿಸುತ್ತಿದ್ದಾರೆ ಎಂಬುದು ಮಾತ್ರ ತಿಳಿಯಲಿಲ್ಲ ಎಂದು ಬರೆದಿದ್ದರು. ಅಂಕ ಚೆನ್ನಾಗಿಯೇ ಬಂದಿದೆ, ಅದೇನೂ ದೊಡ್ಡ ವಿಷಯವಲ್ಲ. ಆ ಚೀಟಿ ಇನ್ನೂ ಚೆಲ್ಲೊ ಪೆಟ್ಟಿಗೆಯಲ್ಲೇ ಇದೆ, ರಾಳ ಇಡುವ ಜೇಬಿನಲ್ಲಿ.'

ದೊಡ್ಡ ವಿಷಯವಲ್ಲದಿದ್ದರೆ ಚೀಟಿ ಅಲ್ಲೇಕೆ ಇದೆ? ಕಮಾನಿನ ಕೂದಲಿಗೆ ರಾಳ ತಿಕ್ಕದಿದ್ದರೆ ತಂತಿ ನುಡಿಯುವುದಿಲ್ಲ. ಹಾಗಾಗಿ ಅಭ್ಯಾಸಕ್ಕೆ ಕೂರುವ ಮೊದಲು ಆ ಜೇಬಿಗೆ ಕೈ ಹೋಗಲೇಬೇಕು. ಹೋದಾಗಲೆಲ್ಲ ಆ ಕಾಗದದ ಅಂಚು ನಿಮ್ಮ ಬೆರಳಿಗೆ ತಾಗುತ್ತದೆ. ತಿಂಗಳುಗಟ್ಟಲೆ ಹೀಗೆಯೇ ನಡೆದಿದೆ. ಒಂದು ಸ್ವರವನ್ನೂ ಎಳೆಯುವ ಮೊದಲೇ ಆ ತೀರ್ಪನ್ನು ಮುಟ್ಟಿ ಕುಳಿತುಕೊಳ್ಳುತ್ತಿದ್ದೀರಿ.

ಇನ್ನೊಂದನ್ನೂ ಗಮನಿಸಿದೆ. ಪರೀಕ್ಷೆ ನಡೆದದ್ದು ಸೆಮಿಸ್ಟರಿನ ಕೊನೆಯ ವಾರ ಎಂದು ಐದನೆಯ ಪುಟ ಹೇಳುತ್ತದೆ. ಎರಡನೆಯ ಮೇಜರ್‌ನ ಯೋಚನೆ ಹೊಳೆದದ್ದು ರಜೆಯ ಮೊದಲ ವಾರ ಎಂದು ಎರಡನೆಯ ಪುಟ ಹೇಳುತ್ತದೆ. ನಡುವೆ ಮೂರು ಪುಟಗಳ ಅಂತರವಿಟ್ಟು ಬರೆದದ್ದರಿಂದ ಎರಡೂ ಬೆನ್ನಿಗೆ ಬೆನ್ನು ತಾಗಿಸಿಕೊಂಡು ನಿಂತಿರುವುದು ನಿಮಗೆ ಕಾಣಲಿಲ್ಲ. ಸಿನಿಮಾ ಸಂಗೀತದ ಮೇಲೆ ನಿಮಗಿರುವ ಪ್ರೀತಿ ಸುಳ್ಳು ಎನ್ನುತ್ತಿಲ್ಲ. ಮಾತಿಲ್ಲದ ಒಂದು ದೃಶ್ಯಕ್ಕೆ ಮೂರು ಬಗೆಯಲ್ಲಿ ಸಂಗೀತ ಹಾಕಿ ನೋಡಿದ್ದನ್ನು ನೀವು ವಿವರಿಸಿದ ರೀತಿಯಲ್ಲಿ ನಿಜವಾದ ಹುರುಪಿದೆ. ಆದರೆ ಆಸೆಯಿಂದ ತುಂಬುವ ಅರ್ಜಿ ಒಂದು, ಪೆಟ್ಟು ತಿಂದು ತುಂಬುವ ಅರ್ಜಿ ಇನ್ನೊಂದು. ನಿಮ್ಮದು ಯಾವುದು ಎಂಬುದು ನಿಮಗಿನ್ನೂ ತಿಳಿದಿಲ್ಲ. ತಿಳಿಯುವವರೆಗೆ ಸಹಿ ಹಾಕಬಾರದು ಎಂಬ ಮಾತನ್ನು ಈ ಅಂಕಣದಲ್ಲಿ ಮದುವೆ, ಮನೆ, ರಾಜೀನಾಮೆ ಎಲ್ಲದರ ವಿಷಯದಲ್ಲೂ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ.

ನನಗೆ ಸಿಟ್ಟು ಬಂದಿರುವುದು ಆ ಸಲಹೆಗಾರರ ಮೇಲೆ. ಆರು ಸೆಮಿಸ್ಟರ್, ಒಂದೊಂದಕ್ಕೆ ಹದಿನೆಂಟು ಕ್ರೆಡಿಟ್ (ಓದಿನ ಭಾರ ಅಳೆಯುವ ಮಾನ), ಹೊಂದಿಕೊಳ್ಳುತ್ತದೆ! ಸಂಗೀತ ಕಾಲೇಜಿನಲ್ಲಿ ಕ್ರೆಡಿಟ್ ಎಂಬುದು ಗಂಟೆಗಳ ಲೆಕ್ಕವಲ್ಲ ಎಂಬುದು ಅಲ್ಲೇ ಕೆಲಸ ಮಾಡುವವರಿಗೆ ಗೊತ್ತಿಲ್ಲವೇ? ವಾದ್ಯವೃಂದಕ್ಕೆ ನಿಮ್ಮ ಕೋಷ್ಟಕದಲ್ಲಿ ಇರುವುದು ಒಂದೇ ಕ್ರೆಡಿಟ್. ತಾಲೀಮು ವಾರಕ್ಕೆ ಐದು ಗಂಟೆ ಎಂದು ನೀವೇ ಬರೆದಿದ್ದೀರಿ. ದಿನಕ್ಕೆ ನಾಲ್ಕು ಗಂಟೆಯ ಒಂಟಿ ಅಭ್ಯಾಸಕ್ಕೆ ಆ ಕೋಷ್ಟಕದಲ್ಲಿ ಒಂದು ಚೌಕವೂ ಇಲ್ಲ. ಎರಡನೆಯ ಮೇಜರ್ ಬಂದಾಗ ಮೊದಲು ಕರಗುವುದು ಆ ನಾಲ್ಕು ಗಂಟೆಗಳೇ, ಏಕೆಂದರೆ ಅವುಗಳಿಗೆ ಹಾಜರಿ ಪುಸ್ತಕವಿಲ್ಲ. ಇನ್ನು ವಿದ್ಯಾರ್ಥಿವೇತನ. ಅನೇಕ ಕಾಲೇಜುಗಳಲ್ಲಿ ಅದು ಎಂಟು ಸೆಮಿಸ್ಟರಿಗೆ ನಿಂತುಹೋಗುತ್ತದೆ. ಐದನೆಯ ವರ್ಷದ ಶುಲ್ಕ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಆ ಅರ್ಧ ಗಂಟೆಯಲ್ಲಿ ಅವರು ಎತ್ತಲೇ ಇಲ್ಲ. ಹಣಕಾಸು ವಿಭಾಗದಲ್ಲಿ ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

'ಬಾರ್ಡ್‌ನಂಥ ಕಡೆ ಎಲ್ಲರೂ ಎರಡೆರಡು ಮಾಡುತ್ತಾರಲ್ಲ' ಎಂದು ಕೇಳಿದ್ದೀರಿ. ಮಾಡುತ್ತಾರೆ, ಆದರೆ ಅದು ಬೇರೆ ವ್ಯವಸ್ಥೆ. ಅಮೆರಿಕದ ಬಾರ್ಡ್ ಕಾಲೇಜಿನ ಸಂಗೀತ ಶಾಲೆಯಲ್ಲಿ ಪದವಿ ವಿದ್ಯಾರ್ಥಿಗಳು ಸಂಗೀತದಲ್ಲಿ ಒಂದು, ಸಂಗೀತದ ಆಚೆಗಿನ ವಿಷಯದಲ್ಲಿ ಇನ್ನೊಂದು ಪದವಿ ಪಡೆಯುತ್ತಾರೆ. ಆ ಐದು ವರ್ಷದ ಓದನ್ನು ಮೊದಲ ದಿನದಿಂದಲೇ ಹಾಗೆ ಹೆಣೆದಿರುತ್ತಾರೆ. ಅಮೆರಿಕದ ಇನ್ನೊಂದು ಕಾಲೇಜಾದ ಓಬರ್ಲಿನ್‌ನಲ್ಲೂ ಬಯಸಿದವರಿಗೆ ಅಂಥದೇ ಐದು ವರ್ಷದ ಏರ್ಪಾಡಿದೆ. ಅವು ಎರಡು ಪದವಿಗಳು. ನಿಮ್ಮದು ಒಂದೇ ಪದವಿಯೊಳಗೆ ಎರಡು ಮೇಜರ್, ಅದೂ ಅರ್ಧ ದಾರಿಯಲ್ಲಿ ತುರುಕುವಂಥದ್ದು.

ಎರಡನೆಯ ಮೇಜರ್ ಯಾರಿಗೂ ಬೇಡ ಎಂಬ ಹಟ ನನಗಿಲ್ಲ. ಕೆಲವು ಬಾಗಿಲುಗಳು ಕಾಗದ ತೋರಿಸದೆ ತೆರೆಯುವುದೇ ಇಲ್ಲ. ಸಂಗೀತ ಚಿಕಿತ್ಸೆಯನ್ನು ನೋಡಿ: ಅಮೆರಿಕದಲ್ಲಿ ಪ್ರಮಾಣಿತ ಚಿಕಿತ್ಸಕರಾಗಲು ಅದೇ ವಿಷಯದ ಓದಿನ ಜೊತೆಗೆ ಕನಿಷ್ಠ 1,200 ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕು. ಸರ್ಕಾರಿ ಶಾಲೆಯಲ್ಲಿ ಸಂಗೀತ ಶಿಕ್ಷಕರಾಗಬೇಕಾದರೂ ಹೆಚ್ಚಿನ ಕಡೆ ಪರವಾನಗಿ ಬೇಕೇ ಬೇಕು. ನೀವು ಅಂಥದ್ದನ್ನು ಕೇಳಿದ್ದರೆ ನನ್ನ ಉತ್ತರ ಬೇರೆಯಿರುತ್ತಿತ್ತು. ಸಿನಿಮಾಕ್ಕೆ ಸಂಗೀತ ಬರೆಯುವವರನ್ನು ನಿರ್ದೇಶಕರು ಆರಿಸುವುದು ಅವರು ಮಾಡಿದ ಸಂಗೀತ ಕೇಳಿ. ಅಲ್ಲಿ ಕೇಳಿಸಲು ನಾಲ್ಕು ಒಳ್ಳೆಯ ತುಣುಕುಗಳು ಬೇಕು. ಅದನ್ನು ಕಲಿಸುವ ಎರಡು ಮೂರು ತರಗತಿಗಳಿಗೆ ಸೇರಿಕೊಳ್ಳಿ, ಮೈನರ್ (ಉಪವಿಷಯ) ಆಗಿ ಓದಲು ಬರುವುದಾದರೆ ಇನ್ನೂ ಒಳ್ಳೆಯದು. ನಿಮ್ಮ ಸಹಪಾಠಿಗಳ ಕೈಯಲ್ಲಿ ನೀವು ಬರೆದದ್ದನ್ನು ನುಡಿಸಿ ಮುದ್ರಿಸಿಕೊಳ್ಳುವ ಅವಕಾಶವಂತೂ ಕಾಲೇಜು ಬಿಟ್ಟ ಮೇಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಅದನ್ನು ಬಿಡಬೇಡಿ.

ನಿಮ್ಮ ಅಣ್ಣನಿಗೆ ಒಂದು ಮಾತು. ರಷ್ಯದ ಬೊರೊಡಿನ್ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ದೊಡ್ಡ ಸಂಯೋಜಕರಾದರು ಎಂದು ಉದಾಹರಣೆ ಕೊಟ್ಟಿದ್ದಾರಂತೆ. ನಿಜ. 1869ರಲ್ಲಿ ಶುರು ಮಾಡಿದ ಒಪೆರಾ (ಸಂಗೀತ ನಾಟಕ) 1887ರಲ್ಲಿ ಅವರು ತೀರಿಕೊಂಡಾಗಲೂ ಮುಗಿದಿರಲಿಲ್ಲ ಎಂಬುದೂ ನಿಜ. ರಿಮ್‌ಸ್ಕಿ-ಕೊರ್ಸಕೋವ್ ಮತ್ತು ಗ್ಲಾಜುನೋವ್ ಎಂಬ ಇನ್ನಿಬ್ಬರು ಸಂಯೋಜಕರು ಅದನ್ನು ಪೂರ್ಣಗೊಳಿಸಿದರು. ತಂಗಿಯ ಮೇಲಿನ ಕಾಳಜಿಯಿಂದ ಅಣ್ಣ ಹೇಳಿದ್ದು, ಅವರನ್ನು ದೂರುವುದಿಲ್ಲ. ಆದರೆ ಉದಾಹರಣೆಯನ್ನು ಅರ್ಧಕ್ಕೆ ನಿಲ್ಲಿಸಬಾರದು.

ನಾನು ಉದಾಹರಣೆ ಕೊಡುವುದಾದರೆ ಜರ್ಮನಿಯ ಸಂಯೋಜಕ ಶೂಮನ್ ಅವರದ್ದು. 1830ರಲ್ಲಿ ಅವರಿಗೂ ಇಪ್ಪತ್ತೇ ವರ್ಷ. ಕಾನೂನು ಓದುತ್ತಿದ್ದರು, ಮನಸ್ಸು ಪಿಯಾನೊ ಮೇಲಿತ್ತು. ತಾಯಿಗೆ ಉದ್ದನೆಯ ಪತ್ರ ಬರೆದರು. ತಾಯಿ ತಾವಾಗಿ ಹೌದು, ಅಲ್ಲ ಎನ್ನದೆ ಪ್ರಶ್ನೆಯನ್ನು ಅದು ಸೇರಬೇಕಾದಲ್ಲಿಗೇ ಕಳಿಸಿದರು: ಮಗನಿಗೆ ಪಿಯಾನೊ ಕಲಿಸಿದ ಫ್ರೀಡ್ರಿಶ್ ವೀಕ್ ಅವರಿಗೆ. ವೀಕ್ ದೊಡ್ಡ ಭರವಸೆ ಕೊಟ್ಟರು. ನೀರಸವಾದ ಶಾಸ್ತ್ರಭಾಗವನ್ನು ಈ ಹುಡುಗ ತಾಳ್ಮೆಯಿಂದ ಕಲಿತಾನೇ ಎಂಬ ಶಂಕೆಯನ್ನೂ ಮುಚ್ಚಿಡಲಿಲ್ಲ. ಮುಂದೆ ಬಲಗೈ ಬೆರಳು ಕೆಟ್ಟು ಶೂಮನ್ ಪಿಯಾನೊ ವಾದಕರಾಗದೆ ಸಂಯೋಜಕರಾದರು. ಗುರು ಹೇಳಿದಂತೆಯೇ ಆಗುತ್ತದೆ ಎಂದೇನೂ ಇಲ್ಲ. ಆದರೂ ಕೈಯನ್ನು ಕಂಡವರು, ಕಿವಿಯಿಂದ ಬಲ್ಲವರು ಆಡುವ ಮಾತಿನ ತೂಕವೇ ಬೇರೆ.

ನಿಮ್ಮ ಆರು ಪುಟಗಳಲ್ಲಿ ಆ ಒಬ್ಬರ ಮಾತಿಲ್ಲ. ಅಣ್ಣ ಇದ್ದಾರೆ, ಅಮ್ಮ ಇದ್ದಾರೆ, ಕೊಠಡಿಯ ಗೆಳತಿ ಇದ್ದಾಳೆ, ಸಲಹೆಗಾರರು ಎರಡು ಪುಟ ತುಂಬಿದ್ದಾರೆ. ಎರಡು ವರ್ಷದಿಂದ ವಾರವಾರವೂ ಎದುರು ಕೂರಿಸಿಕೊಂಡು ಚೆಲ್ಲೊ ಕಲಿಸುತ್ತಿರುವ ಗುರುಗಳ ಬಗ್ಗೆ ಒಂದೇ ಸಾಲು: 'ಅವರಿಗೆ ಇನ್ನೂ ಹೇಳಿಲ್ಲ.' ಚೀಟಿ ತೋರಿಸಬೇಕಾಗುತ್ತದೆ ಎಂಬ ಕಾರಣಕ್ಕೇ ಹೇಳಿಲ್ಲ ಎಂದು ನನಗನಿಸುತ್ತದೆ.

ನನಗೆ ಇದು ಗೊತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪಿಟೀಲು ಕಲಿಯುತ್ತಿದ್ದಾಗ ಗುರುಗಳು, 'ನಿನ್ನ ಕೈ ಕೇಳುತ್ತಿಲ್ಲ' ಎಂದರು. ಕೈ ಹೇಳಿದ ಮಾತು ಕೇಳುವುದಿಲ್ಲ, ಈ ವಿದ್ಯೆ ನನಗೆ ಹತ್ತುವುದಿಲ್ಲ ಎಂದು ತಿಳಿದು ಎಂಟು ತಿಂಗಳು ಅತ್ತ ತಲೆ ಹಾಕಲಿಲ್ಲ. ತಿರುಗಿ ಹೋಗಿ ಕೇಳಿದಾಗ ಅವರು ನನ್ನ ಬಲಗೈ ಹಿಡಿದು ಕಮಾನನ್ನು ತಂತಿಯ ಮೇಲೆ ಸುಮ್ಮನೆ ಊರಿಸಿ ನಿಲ್ಲಿಸಿದರು. 'ಸ್ವರ ಮುಗಿಯುವ ಮೊದಲೇ ಎತ್ತಿಬಿಡುತ್ತೀಯೆ. ಅದನ್ನು ಕೊನೆಯವರೆಗೆ ಕೇಳಿಸಿಕೋ ಎಂದಿದ್ದೆ' ಎಂದರು. ಆ ಎಂಟು ತಿಂಗಳು ನನಗೆ ಇವತ್ತಿಗೂ ಸಂಕಟ ಕೊಡುತ್ತವೆ.

ಆದ್ದರಿಂದ ನಿಮಗೆ ನಾನು ಹೇಳುವುದು ಒಂದೇ ಕೆಲಸ. ಮುಂದಿನ ಪಾಠಕ್ಕೆ ಆ ಚೀಟಿಯನ್ನು ತೆಗೆದುಕೊಂಡು ಹೋಗಿ. ಗುರುಗಳ ಎದುರು ಬಿಚ್ಚಿಡಿ. ಪರೀಕ್ಷೆಯಲ್ಲಿ ನುಡಿಸಿದ್ದನ್ನೇ ಮೊದಲಿಂದ ಕೊನೆಯವರೆಗೆ ನುಡಿಸಿ, ಈ ಮಾತು ಎಲ್ಲಿ ಬಂತು ಎಂದು ಕೇಳಿ. ಎರಡನೆಯ ಮೇಜರ್‌ನ ಮಾತು ಅದಾದ ಮೇಲೆ ಎತ್ತಿ. ಅಲ್ಲಿಯವರೆಗೆ ಅರ್ಜಿಯನ್ನು ಮುಟ್ಟಬೇಡಿ, ಮೂರು ವಾರ ಸಾಕಷ್ಟು ಕಾಲ. ಪಾಠ ಮುಗಿದ ಮೇಲೂ ಎರಡನೆಯದರ ಆಸೆ ಇದೇ ಬಿಸಿಯಲ್ಲಿ ಉಳಿದಿದ್ದರೆ ನನಗೆ ಮತ್ತೆ ಬರೆಯಿರಿ, ಆಗ ಕ್ರೆಡಿಟ್‌ಗಳ ಲೆಕ್ಕವನ್ನು ಇಬ್ಬರೂ ಕೂತು ಹಾಕೋಣ. ಗುರುಗಳು ಏನೆಂದರು ಎಂಬುದನ್ನು ಮಾತ್ರ ಈ ಸಲ ಮೊದಲ ಪುಟದಲ್ಲೇ ಬರೆಯಿರಿ, ಆವರಣ ಹಾಕಬೇಡಿ.